ಎರಡನೇ ಭಾಗದ ವಿಮರ್ಶಕ

ಪುಸ್ತಕ ಚೆನ್ನಾಗಿಲ್ಲ ಎಂದು ಹೇಳುವುದಕ್ಕೂ ಅದನ್ನು ಎರಡು ಸಲ ಓದುವವನು ಇಡೀ ಆರ್‌ಪಿಸಿ ಲೇಔಟಿನಲ್ಲಿ ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಎಂಬತ್ತರ ದಶಕದ ಮಾತು. ವಾರಪತ್ರಿಕೆಯೊಂದರಲ್ಲಿ ಮಾಯಾಲೋಕದ ಕಾದಂಬರಿಯೊಂದು ಮೂರು ಭಾಗಗಳ ಧಾರಾವಾಹಿಯಾಗಿ ಬರುತ್ತಿತ್ತು. ನನ್ನ ಹೆಂಡತಿ ವಿಮಲಾ ಅದನ್ನು ವಾರವಾರವೂ ಓದುತ್ತಿದ್ದಳು. ನಾನು ಹಾಗೆ ಚೂರುಚೂರು ಓದುವವನಲ್ಲ. ಒಂದು ಭಾಗ ಮುಗಿದ ಮೇಲೆ ಹಾಳೆಗಳನ್ನು ಕತ್ತರಿಸಿ, ಬೈಂಡ್ ಮಾಡಿಸಿ, ಪುಸ್ತಕವಾಗಿಯೇ ಓದುವುದು ನನ್ನ ಶಿಸ್ತು.

ಮೊದಲ ಭಾಗವನ್ನು ಬೈಂಡರ್ ಎರಡು ತಿಂಗಳು ಸತಾಯಿಸಿ ಕೊಟ್ಟಿದ್ದ. ಹಾಗಾಗಿ ಎರಡನೆಯದನ್ನು ದಬ್ಬಳ, ದಾರ, ಮೈದಾ ಅಂಟು ಹಿಡಿದು ನಾನೇ ಹೊಲಿದೆ. ಹಾಳೆಗಳ ನೆತ್ತಿಯಲ್ಲಿದ್ದ ಕಂತಿನ ಸಂಖ್ಯೆಗಳು ಅಂದ ಕೆಡಿಸುತ್ತಿದ್ದವು. ಅವನ್ನೂ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಹಾಕಿದೆ.

ಓದಿದರೆ ಘೋರ ನಿರಾಸೆ.

"ಎರಡನೇ ಭಾಗ ತೀರಾ ಕೆಟ್ಟದಾಗಿದೆ ಕಣೇ. ತಲೆಬುಡ ಇಲ್ಲ" ಎಂದೆ.

"ಸ್ವಲ್ಪ ಎಳೆದಿದಾರೆ, ನಿಜ. ತಲೆಬುಡ ಯಾಕಿಲ್ಲ?" ಎಂದಳು ವಿಮಲಾ.

ಅವಳಿಗೆ ವಿಮರ್ಶಾ ದೃಷ್ಟಿ ಕಡಿಮೆ ಎಂದು ಮನಸ್ಸಿನಲ್ಲೇ ಕ್ಷಮಿಸಿದೆ.

ಅಷ್ಟರಲ್ಲಿ ನಮ್ಮ ಓದುಗರ ಬಳಗಕ್ಕೆ ಆ ಲೇಖಕರೇ ಬರುವುದೆಂದಾಯಿತು. ಬಸವೇಶ್ವರನಗರದ ನಿವೃತ್ತ ಮೇಷ್ಟ್ರು. ಅವರ ಎದುರಿಗೆ ಎರಡನೇ ಭಾಗದ ಬಗ್ಗೆ ಮಾತಾಡುವ ಹೊಣೆ ನನ್ನದು. ಬಳಗದ ಕಾರ್ಯದರ್ಶಿಯಾಗುವ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಈ ಭಾಷಣ ಗೆದ್ದರೆ ಆ ಸ್ಥಾನ ನನ್ನದೇ. ಪೆನ್ಸಿಲ್ ಹಿಡಿದು ಪುಸ್ತಕವನ್ನು ಮತ್ತೆ ಓದಿದೆ. ನಲವತ್ತೊಂದು ತಪ್ಪು ಸಿಕ್ಕವು. ಮೊದಲ ಸಲಕ್ಕಿಂತ ಇನ್ನೂ ಕೆಟ್ಟದಾಗಿ ಕಂಡಿತು. ಬಹಳ ಸಂತೋಷವಾಯಿತು.

ಭಾನುವಾರ ಸಂಜೆ, ವಿಮಲಾಳೂ ಸೇರಿ ಮೂವತ್ತು ಜನರ ಮುಂದೆ ಎದ್ದು ನಿಂತೆ.

"ಶುರುವಿನಲ್ಲೇ ಸತ್ತ ಮಾಂತ್ರಿಕ ಕೊನೆಯಲ್ಲಿ ಕ್ಷೌರ ಮಾಡಿಸಿಕೊಳ್ಳುತ್ತಾನೆ. ರಾಜಕುಮಾರಿಗೆ ಮೊದಲು ಮಗು, ಆಮೇಲೆ ಮದುವೆ. ಮಾಯಾಲೋಕವಾದರೂ ಒಂದು ಮರ್ಯಾದೆ ಬೇಡವೇ? ಪುಸ್ತಕದ ನಟ್ಟನಡುವೆ 'ಎರಡನೇ ಭಾಗ ಮುಗಿಯಿತು' ಎಂದು ಅಚ್ಚು ಹಾಕಿ, ಆಮೇಲೂ ಅಷ್ಟೇ ಪುಟ ಎಳೆದಿದ್ದಾರೆ!"

ಜನ ನಕ್ಕರು. ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು, "ಸ್ವಲ್ಪ ಆ ಪುಸ್ತಕ ಕೊಡ್ತೀರಾ?" ಎಂದರು. ಕೊಟ್ಟೆ. ಹಾಳೆ ತಿರುವುತ್ತಾ ಮುಂದಕ್ಕೆ ಹೋದರು, ಹಿಂದಕ್ಕೆ ಬಂದರು.

"ಬೈಂಡಿಂಗ್ ಭಲೇ ಗಟ್ಟಿಯಾಗಿದೆ. ಯಾರು ಸಾರ್ ಮಾಡಿದ್ದು?"

"ನಾನೇ."

"ಕೊನೇ ಅರ್ಧಾನ ಮೊದಲಿಗೆ ಹೊಲಿದುಬಿಟ್ಟಿದೀರಿ."

ಆಗ ನೆನಪಾಯಿತು. ಮನೆಯಲ್ಲಿ ಪತ್ರಿಕೆಗಳು ಎರಡು ಕಟ್ಟಾಗಿದ್ದವು. ಒಂದು ಅಟ್ಟದ ಮೇಲೆ, ಒಂದು ಮಂಚದ ಕೆಳಗೆ. ಅಟ್ಟದ ಮೇಲಿರುವುದು ಹಳೆಯದೇ ತಾನೆ ಎಂದು ಅದನ್ನು ಮೊದಲು ಇಟ್ಟುಕೊಂಡಿದ್ದೆ. ಸಭೆಯೆಲ್ಲ ಹೋ ಎಂದು ನಕ್ಕಿತು. ಇಷ್ಟು ಜೋರಾಗಿ ಜನ ನನ್ನ ಭಾಷಣಕ್ಕೂ ನಕ್ಕಿರಲಿಲ್ಲ.

"ಮಂಚದ ಕೆಳಗೆ ಜಾಗ ಇರ್ಲಿಲ್ಲ, ಹೊಸವನ್ನ ಅಟ್ಟಕ್ಕೆ ಹಾಕ್ದೆ. ಕೇಳಿದ್ರೆ ಹೇಳ್ತಿದ್ದೆನಲ್ಲ" ಎಂದಳು ವಿಮಲಾ, ಮನೆಗೆ ನಡೆಯುವಾಗ.

ಕಾರ್ಯದರ್ಶಿ ಸ್ಥಾನ ಬೇರೆಯವರಿಗೆ ಹೋಯಿತು. ನಾನು ದಾರ ಬಿಚ್ಚಿ, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮತ್ತೆ ಹೊಲಿದೆ. ಮೂರನೇ ಸಲ ಓದಿದೆ. ಮಾಂತ್ರಿಕ ಕ್ರಮವಾಗಿ ಕ್ಷೌರ ಮಾಡಿಸಿಕೊಂಡು ಆಮೇಲೆ ಸತ್ತ. ಮದುವೆಯಾದ ಮೇಲೆಯೇ ಮಗುವಾಯಿತು. ಎಲ್ಲ ಸರಿಯಾಗಿತ್ತು, ಆದರೂ ಪುಸ್ತಕ ಚೆನ್ನಾಗಿರಲಿಲ್ಲ. ನನ್ನ ಅಭಿಪ್ರಾಯ ಮೊದಲಿನಿಂದಲೂ ಸರಿಯೇ ಇತ್ತು! ಅದನ್ನು ಹೇಳೋಣವೆಂದು ಅಡುಗೆಮನೆಗೆ ಓಡಿದೆ.

"ವಿಮಲಾ, ಎರಡನೇ ಭಾಗ ನಿಜವಾಗ್ಲೂ ಚೆನ್ನಾಗಿಲ್ಲ ಕಣೇ."

ಅವಳು ತಿರುಗಿಯೂ ನೋಡಲಿಲ್ಲ.

"ತಲೆಕೆಳಗೆ ಹಿಡ್ಕೊಂಡಿದೀರೇನೋ, ನೋಡ್ಕೊಳ್ಳಿ" ಎಂದಳು.