ಅಣ್ಣನ ತಲೆ, ತಮ್ಮನ ಹೊಟ್ಟೆ

ಗಂಡನ ಫೋಟೋ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಲು ತನಗೆ ಒಂದು ನೋಟ ಸಾಕು ಎಂದು ಜಡ್ಜಮ್ಮ ಮನೆಯವರೆಲ್ಲರ ಎದುರು ಘೋಷಿಸಿದಳು.

"ಆ ಮುಖ ನನಗೆ ಗೊತ್ತಿರೋವಷ್ಟು ಅವರಿಗೇ ಗೊತ್ತಿರಲಿಲ್ಲ. ಒಂದು ಕೂದಲು ಆಚೀಚೆ ಆಗಿದ್ರೂ ಹಿಡಿದುಬಿಡ್ತೀನಿ."

ಜಡ್ಜಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಎದುರು ಮನೆಯವರು ಗೇಟಿಗೆ ಬಣ್ಣ ಬಳಿಸಿದರೂ, ಪಕ್ಕದ ಮನೆಯ ಮಗು ಹಾಡು ಹೇಳಿದರೂ ತೀರ್ಪು ಈಕೆಯ ಬಾಯಿಂದಲೇ ಬರಬೇಕು. ಬಾರದಿದ್ದರೆ ಮೈ ಹುಷಾರಿಲ್ಲವೇನೋ ಎಂದು ಜನ ವಿಚಾರಿಸಿಕೊಂಡು ಬರುತ್ತಿದ್ದರು. ಗಂಡ ತೀರಿಹೋದ ಮೇಲೆ ಆಕೆ ಯಾವುದಕ್ಕೂ ತೀರ್ಪು ಕೊಟ್ಟಿರಲಿಲ್ಲ. ಎದುರಿನ ಗೇಟು ಹಸಿರು ಹೋಗಿ ನೇರಳೆಯಾಯಿತು. ಆಗಲೂ ಮಾತಿಲ್ಲ. ಹಾಗಾಗಿ ಅಮ್ಮ ಮತ್ತೆ ಜಂಬದ ಮಾತಾಡಿದ್ದು ಕೇಳಿ ಮಗಳಿಗೆ ಸಮಾಧಾನವಾಯಿತು. ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ.

ಗಂಡ ವಾಚು ರಿಪೇರಿ ಮಾಡುತ್ತಿದ್ದ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತೂ ಕೂತೂ ಆ ಕಣ್ಣು ಸಣ್ಣದಾಗಿಬಿಟ್ಟಿತ್ತು. ಗಾಜು ತೆಗೆದಿಟ್ಟರೂ ಕಣ್ಣು ಪೂರ್ತಿ ಬಿಚ್ಚುತ್ತಿರಲಿಲ್ಲ. ಹೊಸ ಗಿರಾಕಿಗಳು ಕಣ್ಣು ಹೊಡೆದನೆಂದು ತಿಳಿದು ಜಗಳಕ್ಕೆ ಬಂದದ್ದೂ ಉಂಟು. ಅದಕ್ಕೇ ಇರಬೇಕು, ಕ್ಯಾಮೆರಾ ಕಂಡರೆ ಸಾಕು, ಅಂಗಡಿಯಲ್ಲಿ ಕೆಲಸವಿದೆ ಎಂದು ಜಾರಿಕೊಳ್ಳುತ್ತಿದ್ದ. ಮದುವೆಯ ಫೋಟೋ ಬಿಟ್ಟರೆ ಗಂಡ ಹೆಂಡತಿ ಜೊತೆಗಿದ್ದ ಫೋಟೋ ಇಲ್ಲ. ಮದುವೆಯ ಫೋಟೋದಲ್ಲಿ ಇಬ್ಬರೂ ಬೇರೆ ಯಾರದೋ ಮಕ್ಕಳ ಹಾಗಿದ್ದರು.

ಉಳಿದದ್ದು ಒಂದೇ. ಮಗಳ ಕಾಲೇಜಿನ ಸಮಾರಂಭದಲ್ಲಿ ಯಾರೋ ತೆಗೆದದ್ದು. ಮುಂದೆ ನಿಂತಿದ್ದ ಹೆಂಗಸಿನ ಕೊಡೆ ಅಡ್ಡ ಬಂದು ಕತ್ತಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಜಡ್ಜಮ್ಮನಿಗೆ ಆತನ ಪಕ್ಕದಲ್ಲಿ ತಾನು ಕೂತ ಫೋಟೋ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಬೀದಿಯ ತುದಿಯ ಸ್ಟುಡಿಯೋದವನು ಇಂಥ ಕೆಲಸದಲ್ಲಿ ಗಟ್ಟಿಗ. ಅಲ್ಲೊಂದು ಇಲ್ಲೊಂದು ಫೋಟೋ ಕತ್ತರಿಸಿ, ಕೂಡಿಸಿ, ನೋಡಿದವರು ನಂಬುವ ಹಾಗೆ ಒಂದೇ ಚಿತ್ರ ಮಾಡುತ್ತಿದ್ದ. ಕ್ರಿಯೇಟಿವ್ ಕಾಂಪೋಸಿಟ್ ಎನ್ನುತ್ತಿದ್ದ. ಜಡ್ಜಮ್ಮ ಅಂಟಿಸೋ ಕೆಲಸ ಎನ್ನುತ್ತಿದ್ದಳು. ಆತ ಮನೆಗೇ ಬಂದ. ಖಾಲಿ ಸೋಫಾದ ಮೇಲೆ ತಲೆ ಕೂರಿಸಿದರೆ ಮೆತ್ತೆ ತಗ್ಗುವುದಿಲ್ಲ, ನೆರಳು ಬೀಳುವುದಿಲ್ಲ, ಯಾರಾದರೂ ಕೂರಲೇಬೇಕು ಎಂದ. ಮೈದುನ ಎದ್ದ. ಅಣ್ಣನ ಅಂಗಿ ಹಾಕಿಕೊಂಡು, ಉಸಿರು ಬಿಗಿಹಿಡಿದು ಗುಂಡಿ ಹಾಕಿಸಿಕೊಂಡು, ಅತ್ತಿಗೆಯ ಪಕ್ಕದಲ್ಲಿ ಅಣ್ಣನಾಗಿ ಕೂತ. ಆಮೇಲೆ ತನ್ನ ಅಂಗಿ ಹಾಕಿಕೊಂಡು ಸೋಫಾದ ಹಿಂದೆ ಹೆಂಡತಿಯ ಪಕ್ಕದಲ್ಲಿ ತಾನೇ ಆಗಿ ನಿಂತ. ಮಗಳು ಸೋಫಾದ ಕೈ ಮೇಲೆ ಕೂತಳು. ಫೋಟೋ ತೆಗೆದಾಯಿತು.

ಒಂದು ವಾರ ಕಳೆದು ಎಲ್ಲರೂ ಸ್ಟುಡಿಯೋಗೆ ಹೋದರು.

ಸ್ಟುಡಿಯೋದವನು ಕಂಪ್ಯೂಟರ್ ಮುಂದೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದ. ಚಿತ್ರ ತೋರಿಸುವ ಮುಂಚೆ ಒಂದು ನಿಯಮ ಹೇಳಿದ. ಫೋಟೋದವರ ಸಂಘದಲ್ಲಿ ಒಬ್ಬರ ಚಿತ್ರ ಇನ್ನೊಬ್ಬರು ವಿಮರ್ಶೆ ಮಾಡುವಾಗ ಪಾಲಿಸುವ ನಿಯಮವಂತೆ.

"ಮೊದಲು ಮೆಚ್ಚಿದ್ದು ಹೇಳಬೇಕು. ಆಮೇಲೆ ತಿದ್ದಬೇಕಾದ್ದು ಹೇಳಬೇಕು. ಆಗ ಯಾರ ಮನಸ್ಸಿಗೂ ನೋವಾಗಲ್ಲ. ಬೇಕಾದ್ರೆ ಇದರ ಮೇಲೆ ಅಭ್ಯಾಸ ಮಾಡಿ ಅಮ್ಮ."

ಗೋಡೆಯ ಮೇಲಿದ್ದ ತನ್ನ ಚಿತ್ರ ತೋರಿಸಿದ. ಒಬ್ಬ ಹೆಂಗಸು ಟೀ ಕೆಟಲಿನಿಂದ ಸಮುದ್ರವನ್ನು ಬಗ್ಗಿಸುತ್ತಿದ್ದಳು. ಅಲೆ, ದೋಣಿ, ಹಕ್ಕಿ ಎಲ್ಲವೂ ಕೆಟಲಿನ ಮೂತಿಯಿಂದ ಬರುತ್ತಿದ್ದವು. ಬಹುಮಾನ ಬಂದ ಚಿತ್ರ.

ಜಡ್ಜಮ್ಮ ಹತ್ತಿರ ಹೋಗಿ ನೋಡಿದಳು. "ಕೆಟಲು ಚೆನ್ನಾಗಿ ಉಜ್ಜಿದ್ದಾರೆ."

"ಅದು ಮೆಚ್ಚಿದ್ದು. ತಿದ್ದಬೇಕಾದ್ದು?"

"ಮುಚ್ಚಳ ಇಲ್ಲ. ಧೂಳು ಬೀಳುತ್ತೆ."

ಸ್ಟುಡಿಯೋದವನ ಮುಖ ಸಣ್ಣದಾಯಿತು. "ಅಮ್ಮ, ಅದು ಕಲ್ಪನೆ."

"ಕಲ್ಪನೇಲಿ ಒಂದು ಮುಚ್ಚಳ ಇಡೋಕೆ ಏನು ಕಷ್ಟ?"

ಮಗಳು ಅಮ್ಮನ ಸೆರಗು ಹಿಡಿದು ಎಳೆದು ಕೂರಿಸಿದಳು. ಚಿತ್ರ ತೆರೆದುಕೊಂಡಿತು.

ಸೋಫಾದ ಮೇಲೆ ಆತ ಕೂತಿದ್ದ. ಪಕ್ಕದಲ್ಲಿ ಆಕೆ. ಮಗಳು ಮೂಗು ಒರೆಸಿಕೊಂಡಳು. ಜಡ್ಜಮ್ಮ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.

"ಮೆಚ್ಚಿದ್ದು ಹೇಳಿ ಅಮ್ಮ."

"ಸೋಫಾ ಚೆನ್ನಾಗಿ ಬಂದಿದೆ."

"ತಿದ್ದಬೇಕಾದ್ದು?"

"ಈ ಹೊಟ್ಟೆ ಯಾರದು?"

ಮೈದುನ ಗಂಟಲು ಸರಿಮಾಡಿಕೊಂಡ. "ನಂದು ಅತ್ತಿಗೆ."

"ನಿಮ್ಮಣ್ಣ ಇಷ್ಟು ದಪ್ಪ ಇರಲಿಲ್ಲ. ಮಡಿಲಲ್ಲಿ ಕುಂಬಳಕಾಯಿ ಇಟ್ಕೊಂಡ ಹಾಗೆ ಕೂತಿದ್ದಾರೆ. ಕೈ ನೋಡು. ವಾಚಿನ ಸ್ಕ್ರೂ ಹಿಡಿಯೋ ಬೆರಳಾ ಇವು? ಬಾಳೆಕಾಯಿ ಚಿಪ್ಪಿನ ಹಾಗಿವೆ."

"ಅತ್ತಿಗೆ, ನಾನು ಇಲ್ಲೇ ಕೂತಿದೀನಿ."

"ನಿನಗೆ ಹೇಳಿದ್ನಾ? ಫೋಟೋಗೆ ಹೇಳ್ತಿರೋದು."

"ಫೋಟೋದಲ್ಲಿರೋದೂ ನಾನೇ ಅಲ್ವಾ? ಅಣ್ಣನಿಗೆ ಅಂತ ಮೈ ಕೊಟ್ಟೆ. ಕೊಟ್ಟ ಮೈಗೆ ಹೀಗೆ ಹೆಸರಿಡ್ತಾರಾ?"

ಓರಗಿತ್ತಿ ಇಂಥ ಅವಕಾಶಕ್ಕೆ ಎಷ್ಟೋ ಕಾಲದಿಂದ ಕಾದಿದ್ದವಳು. "ಹೇಳಿ ಅಕ್ಕ, ಇನ್ನೂ ಹೇಳಿ. ಮನೇಲಿ ನಾನು ಬಾಯಿ ಬಡ್ಕೊಂಡ್ರೆ ಇವರ ಕಿವಿಗೆ ಬೀಳಲ್ಲ. ಇಲ್ಲಾದ್ರೂ ನೋಡ್ಲಿ. ಒಂದೇ ಹೊಟ್ಟೆ ಮುಂದೊಂದು, ಹಿಂದೊಂದು. ಸೋಫಾ ಹಿಂದೆ ನಿಂತ್ರೂ ಮರೆಯಾಗಿಲ್ಲ."

ಮೈದುನ ಕುರ್ಚಿ ತಿರುಗಿಸಿಕೊಂಡು ಬಾಗಿಲ ಕಡೆ ಮುಖಮಾಡಿ ಕೂತ. ಸ್ಟುಡಿಯೋದವನು ನಿಯಮವನ್ನು ಇನ್ನೊಮ್ಮೆ ನೆನಪಿಸಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಆತ ಮೌಸ್ ಹಿಡಿದು ಹೊಟ್ಟೆ ಕರಗಿಸತೊಡಗಿದ. ಸ್ವಲ್ಪ ಕರಗಿಸಿದ. ಸಾಲದು ಎಂದಳು ಜಡ್ಜಮ್ಮ. ಇನ್ನಷ್ಟು ಕರಗಿಸಿದ. ಕೊನೆಗೆ ಅಂಗಿಯೊಂದೇ ಉಳಿಯಿತು, ಹಗ್ಗದ ಮೇಲೆ ಒಣಹಾಕಿದ ಹಾಗೆ.

"ಈಗ ಒಳಗೆ ಯಾರೂ ಇಲ್ಲ," ಎಂದಳು ಜಡ್ಜಮ್ಮ.

ಹೊಟ್ಟೆಯನ್ನು ಸ್ವಲ್ಪ ವಾಪಸು ತಂದದ್ದಾಯಿತು. ಬೆರಳು ಸಣ್ಣಗಾದವು. ಮೈದುನ ಬಾಗಿಲ ಕಡೆ ನೋಡುತ್ತಲೇ ತಗ್ಗಿದ ದನಿಯಲ್ಲಿ, "ಹೇಗೂ ಕೈ ಹಾಕಿದ್ದೀರಿ, ಹಿಂದೆ ನಿಂತಿರೋನಿಗೂ ಸ್ವಲ್ಪ ಇಳಿಸಿಬಿಡಿ," ಎಂದ.

ಇನ್ನು ಮುಖ. ಜಡ್ಜಮ್ಮ ತೆರೆಯ ಹತ್ತಿರಕ್ಕೆ ಬಂದಳು. "ಇದೇನು, ಎರಡು ಕಣ್ಣೂ ಒಂದೇ ಸಮ ಇವೆ?"

ಸ್ಟುಡಿಯೋದವನ ಮುಖ ಅರಳಿತು. "ನಾನೇ ಸರಿ ಮಾಡ್ದೆ ಅಮ್ಮ. ಒಂದು ಕಣ್ಣು ಸಣ್ಣದಿತ್ತು. ನೀವು ಕೇಳದೇ ಇದ್ರೂ ಮಾಡಿದೀನಿ."

"ಜೀವಮಾನವಿಡೀ ಕೂತು ಮಾಡ್ಕೊಂಡ ಕಣ್ಣು ಅದು. ಸರಿ ಮಾಡೋಕೆ ನೀವ್ಯಾರು?"

ಆತ ಪೆಚ್ಚಾಗಿ ಮೊದಲಿದ್ದ ಕಣ್ಣನ್ನೇ ವಾಪಸು ಕೂರಿಸಿದ. ಬಲಗಣ್ಣು ಸಣ್ಣದಾಯಿತು. ಮೈದುನ ತಿರುಗಿ ನೋಡಿ, ಮುನಿಸು ಮರೆತು ಎದ್ದು ನಿಂತ. "ಬಂದ ನೋಡಿ. ಇವನೇ ನಮ್ಮಣ್ಣ."

"ಅಪ್ಪ," ಎಂದಳು ಮಗಳು.

"ಅಲ್ಲ," ಎಂದಳು ಜಡ್ಜಮ್ಮ. "ಸಣ್ಣದು ಎಡಗಣ್ಣು."

ಎಲ್ಲರೂ ಆಕೆಯನ್ನು ನೋಡಿದರು.

"ಬಲಗಣ್ಣು ಅತ್ತಿಗೆ. ಅವನ ಜೊತೆ ಹುಟ್ಟಿ ಬೆಳೆದೋನು ನಾನು."

"ನೀನು ಹುಟ್ಟಿದಾಗ ಅವರಿಗೆ ಎರಡು ಕಣ್ಣೂ ಸರಿ ಇದ್ವು. ನಾನು ಸಂಸಾರ ಮಾಡಿದೋಳು. ಎಡಗಣ್ಣು."

ಸ್ಟುಡಿಯೋದವನು ಕಾಲೇಜಿನ ಹಳೆಯ ಫೋಟೋ ತೆರೆದು ತೋರಿಸಿದ. ಬಲಗಣ್ಣೇ.

"ಕ್ಯಾಮೆರಾ ಸರಿ ಇರಲಿಲ್ಲ," ಎಂದಳು ಜಡ್ಜಮ್ಮ.

"ಅಮ್ಮ," ಮಗಳು ಮೆಲ್ಲಗೆ ಹೇಳಿದಳು. "ಅಂಗಡಿಗೆ ಊಟ ತಗೊಂಡು ಹೋದಾಗ ಎದುರಿಗೇ ನಿಂತಿರ್ತಿದ್ದೆ. ಗಾಜು ಬಲಗಣ್ಣಿಗೇ ಹಾಕ್ತಿದ್ರು ಅಪ್ಪ."

ಜಡ್ಜಮ್ಮ ಕುರ್ಚಿಯ ಮೇಲೆ ಕೂತಳು. ಮಗಳು ಸುಳ್ಳು ಹೇಳುವವಳಲ್ಲ. ಆಕೆ ಕಣ್ಣು ಮುಚ್ಚಿ ಗಂಡನ ಮುಖವನ್ನು ತಂದುಕೊಂಡಳು. ಸಣ್ಣದು ಎಡಗಣ್ಣೇ. ಇನ್ನೊಮ್ಮೆ ತಂದುಕೊಂಡಳು. ಎಡಗಣ್ಣೇ. ಹಾಗಾದರೆ ಇಷ್ಟು ದಿನ ತಾನು ಕಣ್ಣು ಮುಚ್ಚಿ ನೋಡುತ್ತಿದ್ದುದು ಯಾರನ್ನು? ಮುಖ ಆಗಲೇ ಕೈಬಿಟ್ಟು ಹೋಗುತ್ತಿದೆಯೇ? ಕಣ್ಣು ಹೋಯಿತು, ನಾಳೆ ಮೂಗು, ಆಮೇಲೆ ದನಿ. ಹೋದರೆ ಯಾರನ್ನು ಕೇಳಿ ತಿದ್ದಿಕೊಳ್ಳುವುದು?

"ನನಗೆ ಮರೀತಾ ಇದೆ," ಎಂದಳು. ಯಾರಿಗೂ ಹೇಳಿದ್ದಲ್ಲ.

ಮೈದುನನಿಗೆ ಆಕೆಯ ಮುಖ ಕಾಣಿಸಿರಲಿಲ್ಲ. ಹೊಟ್ಟೆಯ ಸೇಡು ಇನ್ನೂ ಬಾಕಿ ಇತ್ತು. "ಹೋಗ್ಲಿ, ನೀವು ಅಣ್ಣನ ಮುಖ ನೋಡಿದ್ದಾದ್ರೂ ಯಾವಾಗ ಅತ್ತಿಗೆ?"

"ಯಾವಾಗ ಅಂದ್ರೇನು? ಅಂಗಡಿಗೆ ಹೋದ್ರೆ ಬಗ್ಗಿ ಕೂತಿರ್ತಿದ್ರು. ಊಟಕ್ಕೆ ಕೂತ್ರೆ ತಟ್ಟೆ ನೋಡ್ತಿದ್ರು. ಮಲಗಿದ್ರೆ ಗೋಡೆ ಕಡೆ. ಬೆಳಿಗ್ಗೆ ಗಡ್ಡ ಮಾಡ್ಕೊಳ್ಳೋವಾಗ ಮಾತ್ರ ಕೈಗೆ ಸಿಗ್ತಿದ್ದಿದ್ದು. ಆಗ ಹಿಂದೆ ನಿಂತು ಹೇಳೋದೆಲ್ಲ ಹೇಳ್ತಿದ್ದೆ. ಕತ್ತಿನ ಮೇಲೆ ರೇಜರು ಇರ್ತಿತ್ತು, ಎದುರು ಮಾತಾಡೋ ಹಾಗಿರಲಿಲ್ಲ. ಸುಮ್ನೆ ನನ್ನನ್ನೇ ನೋಡ್ತಿದ್ರು."

"ಹಿಂದೆ ನಿಂತಿದ್ರೆ ನಿಮ್ಮನ್ನ ಹೇಗೆ ನೋಡ್ತಿದ್ರು?" ಎಂದಳು ಓರಗಿತ್ತಿ.

"ಹೇಗೆ ಅಂದ್ರೆ, ಕನ್ನಡೀಲಿ," ಎಂದು ಜಡ್ಜಮ್ಮ ಅಲ್ಲಿಗೇ ಮಾತು ನಿಲ್ಲಿಸಿದಳು.

ಸ್ಟುಡಿಯೋದವನು ಎದ್ದ. ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಗೋಡೆಗೆ ತೂಗುಹಾಕಿದ್ದ ಕನ್ನಡಿಯನ್ನು ಮೊಳೆಯಿಂದ ತೆಗೆದು ತಂದು, ಕಂಪ್ಯೂಟರಿಗೆ ಎದುರಾಗಿ ಹಿಡಿದ. ಜಡ್ಜಮ್ಮ ಅದರೊಳಗೆ ನೋಡಿದಳು.

ಸಣ್ಣ ಎಡಗಣ್ಣಿನವನು ಅಲ್ಲಿದ್ದ. ಇನ್ನೇನು ಗಡ್ಡ ಒರೆಸಿಕೊಂಡು, "ಮುಗೀತಾ ನಿಂದು?" ಎಂದು ಕೇಳುವ ಹಾಗಿದ್ದ.

ಆಕೆ ಕುರ್ಚಿಯನ್ನು ಕನ್ನಡಿಯ ಹತ್ತಿರಕ್ಕೆ ಎಳೆದುಕೊಂಡಳು. ಸ್ಟುಡಿಯೋದವನಿಗೆ ಕನ್ನಡಿ ಭಾರವಾಗಿತ್ತು. ಆದರೂ ಆತ ಇಳಿಸಲಿಲ್ಲ.

"ಮೆಚ್ಚಿದ್ದು ಹೇಳಿ ಅಮ್ಮ," ಎಂದ.

"ಇವರು," ಎಂದಳು.

ಮಗಳು ಜೋರಾಗಿಯೇ ಅತ್ತಳು. ಮೈದುನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡಿದ.

ಈಗ ಚಿತ್ರ ಬದಲಾಗಬೇಕಿತ್ತು. ಸ್ಟುಡಿಯೋದವನು ಗಂಡನೊಬ್ಬನ ತಲೆಯನ್ನು ಮಾತ್ರ ಎಡಬಲ ಮಗುಚಿ ನೋಡಿದ. ಎಡಗಣ್ಣು ಸಣ್ಣದಾಯಿತು, ಆದರೆ ಮುಖ ಹೆಂಡತಿಯ ಕಡೆಯಿಂದ ಆಚೆಗೆ ಹೊರಳಿತು.

"ಬೇಡ. ಜಗಳ ಆಡ್ಕೊಂಡು ಫೋಟೋಗೆ ಕೂತ ಹಾಗಿದೆ," ಎಂದಳು ಜಡ್ಜಮ್ಮ.

"ಹಾಗಾದ್ರೆ ಇಡೀ ಚಿತ್ರಾನೇ ಮಗುಚಿ ಹಾಕ್ತೀನಿ. ಎಲ್ಲರೂ ಕನ್ನಡೀಲಿ ಕಂಡ ಹಾಗೆ ಕಾಣ್ತಾರೆ. ಉಳಿದವರು ಬೇಜಾರು ಮಾಡ್ಕೋಬಾರದು."

ಮಗುಚಿದ. ಬೇಜಾರು ಮಾಡಿಕೊಳ್ಳುವುದಿರಲಿ, ಕುರ್ಚಿಗಳೆಲ್ಲ ಮುಂದಕ್ಕೆ ಸರಿದವು. ತನ್ನ ಮುಖ ಯಾವ ಫೋಟೋದಲ್ಲೂ ಇಷ್ಟು ಸರಿಯಾಗಿ ಬಂದಿರಲಿಲ್ಲ ಎಂದಳು ಓರಗಿತ್ತಿ. ನನ್ನ ಮೂಗು ಈಗ ನೆಟ್ಟಗಾಯಿತು ಎಂದಳು ಮಗಳು. ಮೈದುನ ಹಿಂದೆ ನಿಂತ ತನ್ನನ್ನೇ ತದೇಕಚಿತ್ತದಿಂದ ನೋಡಿ, "ಇಷ್ಟು ದಿನ ಎಲ್ಲಿ ಇಟ್ಟಿದ್ರಿ ಸಾರ್ ಈ ಮುಖನ?" ಎಂದ. ಪ್ರತಿಯೊಬ್ಬರಿಗೂ ಬೆಳಿಗ್ಗೆ ಎದ್ದು ತಾವು ಕಾಣುವ ಮುಖವೇ ಎದುರಿಗಿತ್ತು. ಅಣ್ಣನ ಕಣ್ಣು ಯಾವ ಕಡೆ ಹೋಯಿತೆಂದು ಯಾರೂ ಕೇಳಲಿಲ್ಲ. ಚಿತ್ರ ಅವಿರೋಧವಾಗಿ ಪಾಸಾಯಿತು. ತನ್ನ ಸಂಘದಲ್ಲಿ ಇಂಥದ್ದು ಆದದ್ದೇ ಇಲ್ಲ ಎಂದ ಸ್ಟುಡಿಯೋದವನು ನೀರು ಕುಡಿದ.

ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಬೀದಿಯವರು ಬಂದು ನೋಡಿ ಹೋದರು. ಗಂಡ ಹೆಂಡತಿ ಒಳ್ಳೆ ಜೋಡಿ ಎಂದರು. ಜಡ್ಜಮ್ಮ ತಲೆಯಾಡಿಸುತ್ತಾ ಕೂತಿದ್ದಳು. ಎದುರು ಮನೆಯವರಿಗೆ, ಗೇಟಿನ ನೇರಳೆ ಬಣ್ಣ ಕಣ್ಣಿಗೆ ಕುಕ್ಕುತ್ತದೆ ಎಂದೂ ಹೇಳಿದಳು. ಅವರು ಸಂತೋಷದಿಂದ ಮನೆಗೆ ಹೋದರು.

ಒಂದು ಸಂಜೆ ಓರಗಿತ್ತಿ ಬಂದಳು. ಫೋಟೋದಲ್ಲಿ ತನ್ನನ್ನು ನೋಡಿ ಮುಗಿಸಿ, ಇನ್ನೊಮ್ಮೆ ನೋಡಿ ಮುಗಿಸಿ, ಆಮೇಲೆ ಮೊದಲ ಬಾರಿಗೆ ಸುತ್ತಮುತ್ತಲಿನ ಕಡೆ ಕಣ್ಣು ಹಾಯಿಸಿದಳು. ಅವಳ ಕೈ ಬಾಯಿಗೆ ಹೋಯಿತು.

"ಅಕ್ಕ, ಭಾವನ ತಲೆ ಮೇಲೆ ನೋಡಿ. ಗೋಡೆ ಗಡಿಯಾರ."

ಜಡ್ಜಮ್ಮ ನೋಡಿದಳು. ಸೋಫಾದ ಹಿಂದಿನ ಗೋಡೆಯ ಗಡಿಯಾರವೂ ಎಲ್ಲರ ಜೊತೆಗೆ ಮಗುಚಿಕೊಂಡಿತ್ತು. ಅಂಕಿಗಳೆಲ್ಲ ಉಲ್ಟಾ. ಮೂರು ಇರಬೇಕಾದಲ್ಲಿ ಒಂಬತ್ತು. ಮುಳ್ಳುಗಳು ತಿರುಗುಮುರುಗಾದ ಹೊತ್ತನ್ನು ತೋರಿಸುತ್ತಿದ್ದವು. ವಾಚು ರಿಪೇರಿಯವನ ಮನೆ. ಒಂದು ನೋಟ ಸಾಕು ಎಂದಿದ್ದ ಜಡ್ಜಮ್ಮನ ಕಣ್ಣಿಗೂ ಬಿದ್ದಿರಲಿಲ್ಲ.

"ಎಲ್ಲಾ ಚೆನ್ನಾಗಿದೆ ಅಕ್ಕ, ಗಡಿಯಾರ ಒಂದು ಕೆಟ್ಟಿದೆ," ಎಂದಳು ಓರಗಿತ್ತಿ, ನಿಯಮ ತಪ್ಪದ ಹಾಗೆ. "ಸ್ಟುಡಿಯೋದವರಿಗೆ ಹೇಳಿ ಸರಿ ಮಾಡಿಸೋಣ."

ಜಡ್ಜಮ್ಮ ಗಡಿಯಾರ ನೋಡಿದಳು. ಅದರ ಕೆಳಗೆ ಕೂತವನನ್ನು ನೋಡಿದಳು.

"ಅವರಿಗ್ಯಾಕೆ ಹೇಳೋದು?" ಎಂದಳು. "ರಿಪೇರಿ ಮಾಡೋರು ಕೆಳಗೇ ಕೂತಿದ್ದಾರೆ. ಪುರುಸೊತ್ತಾದಾಗ ಮಾಡ್ತಾರೆ ಬಿಡು."