ಮಾವನ ನಾಲ್ಕು ನಾಳೆಗಳು

ನನ್ನ ಸೋದರಮಾವನ ಮುಂದೆ ಯಾರೂ ತಪ್ಪಿಯೂ ‘ನಾಳೆ ಬರ್ತೀನಿ’ ಎನ್ನಬಾರದು. ಅಂದವರು ನಾಳೆ ಬರುತ್ತಾರೋ ಇಲ್ಲವೋ ಆ ನಂಜುಂಡೇಶ್ವರನೇ ಬಲ್ಲ. ಆದರೆ ಇವತ್ತಂತೂ ಅವರು ಮನೆಗೆ ಹೋಗುವ ಹಾಗಿಲ್ಲ! ‘ಯಾವ ಬರ್ತೀನಿ?’ ಎಂದು ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರೆಂದರೆ ಮುಗಿಯಿತು. ಎದುರಿಗಿರುವವರು ಹಾಲಿನವರೇ ಆಗಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವರೇ ಆಗಲಿ, ಜಗಲಿಯ ಮೇಲೆ ಕೂತು ಇಂಗ್ಲಿಷ್ ವ್ಯಾಕರಣದ ಒಂದು ಪಾಠ ಕೇಳಿಯೇ ಏಳಬೇಕು.

ಮಾವ ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಮನೆ ನಂಜನಗೂಡಿನಲ್ಲಿ. ಸರ್ವೀಸು ಪೂರ್ತಿ ಬಸ್ಸಿನಲ್ಲಿ ಹೋಗಿ ಬಂದು, ಬಸ್‌ಸ್ಟ್ಯಾಂಡಿನಲ್ಲೇ ಅರ್ಧ ಆಯಸ್ಸು ಕಳೆದರು. ರಿಟೈರಾದ ದಿನ ಹಾರ ಹಾಕಿಸಿಕೊಂಡು ಬಂದವರು ಮರುದಿನವೇ ಜಗಲಿಯ ಗೋಡೆಗೆ ಕರಿಹಲಗೆ ಹೊಡೆಸಿದರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಬೆಳಿಗ್ಗೆ ಪುಕ್ಕಟೆ ಪಾಠ. ಮೊದಲ ಪಾಠದ ಮೊದಲ ವಾಕ್ಯವೇ ಬಾಂಬು: ‘ಇಂಗ್ಲಿಷಲ್ಲಿ ಫ್ಯೂಚರ್ ಟೆನ್ಸ್ ಅನ್ನೋದೇ ಇಲ್ಲ.’ ಮಕ್ಕಳು ಖುಷಿಯಿಂದ ಪುಸ್ತಕ ಮುಚ್ಚುತ್ತಿದ್ದರು. ಒಂದು ಪಾಠ ಕಡಿಮೆಯಾದರೆ ಯಾರಿಗೆ ಬೇಡ? ಆಮೇಲೆ ಮಾವ ನಿಧಾನವಾಗಿ ಶುರು ಮಾಡುತ್ತಿದ್ದರು. ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದವರಿಗೆ ನಾಳೆ ಎನ್ನುವುದಕ್ಕೆ ಸ್ವಂತದ್ದೊಂದು ಕ್ರಿಯಾರೂಪ ಇರಲಿಲ್ಲವಂತೆ. ಅಲ್ಲಿ ಇಲ್ಲಿ ಎರವಲು ತಂದು ನಾಲ್ಕು ನಾಳೆಗಳನ್ನು ಮಾಡಿಕೊಂಡರಂತೆ.

ಆ ನಾಲ್ಕು ನಾಳೆಗಳು ನಮ್ಮ ವಂಶದಲ್ಲಿ ಎಲ್ಲರಿಗೂ ಬಾಯಿಪಾಠ. ‘ವಿಲ್’ ಎಂದರೆ ಆಗ ತಾನೇ ಬಾಯಿಗೆ ಬಂದದ್ದು. ‘ಗೋಯಿಂಗ್ ಟು’ ಎಂದರೆ ಮೊದಲೇ ಮನಸ್ಸಿನಲ್ಲಿ ಇದ್ದದ್ದು. ‘ಐ ಆಮ್ ಕಮಿಂಗ್’ ಎಂದರೆ ಟಿಕೆಟ್ ತೆಗೆಸಿ ಚೀಲವನ್ನೂ ಕಟ್ಟಿಯಾಗಿದೆ. ನಾಲ್ಕನೆಯದು ‘ದಿ ಟ್ರೇನ್ ಲೀವ್ಸ್’. ಅದು ಸ್ಟೇಷನ್ನಿನ ಗೋಡೆಯ ಮೇಲೆ ಬರೆದು ಹಾಕಿದ್ದು, ಅತ್ತರೂ ಕರೆದರೂ ಬದಲಾಗದ್ದು. ನಮ್ಮ ಜನವೋ ಇವು ನಾಲ್ಕಕ್ಕೂ ಸೇರಿಸಿ ‘ಬರ್ತೀನಿ’ ಎಂಬ ಒಂದೇ ಮಾತು ಇಟ್ಟುಕೊಂಡು ಲೋಕವನ್ನೇ ಯಾಮಾರಿಸುತ್ತಿದ್ದಾರೆ ಎನ್ನುವುದು ಮಾವನ ಆರೋಪ. ಒಮ್ಮೆ ಒಬ್ಬಳು ಹುಡುಗಿ ಎದ್ದು ನಿಂತು, ‘ಮೇ’ ಕೂಡ ನಾಳೆಗೇ ಬರುತ್ತದಲ್ಲವೇ ಸಾರ್ ಎಂದು ಕೇಳಿದಳು. ‘ಅದು ನಾಳೆ ಅಲ್ಲಮ್ಮ, ಹವಾಮಾನ ವರದಿ. ಮಳೆ ಬಂದ್ರೂ ಬರಬಹುದು ಅನ್ನೋ ಹೆದರುಪುಕ್ಕಲರ ಮಾತು’ ಎಂದು ಮಾವ ಹಲಗೆಯ ಮೇಲೆ ಆ ಪದವನ್ನು ಬರೆದು, ಬರೆದದ್ದೇ ಅಳಿಸುವುದಕ್ಕೆ ಎಂಬಂತೆ ಅಳಿಸಿಬಿಟ್ಟರು.

ಈ ಪಾಠಕ್ಕೆ ಬಗ್ಗದ ಒಬ್ಬರೇ ಒಬ್ಬರೆಂದರೆ ಬಿಳಿಗೆರೆ ಕಡೆಯ ಒಬ್ಬ ಬಡಗಿ. ಹಿತ್ತಿಲ ಬಾಗಿಲು ಹಾಕಿಕೊಡುತ್ತೇನೆಂದು ಮೂರು ಸೋಮವಾರ ಕೈಕೊಟ್ಟು, ನಾಲ್ಕನೆಯ ಸೋಮವಾರ ಅಳತೆ ತೆಗೆದುಕೊಳ್ಳಲು ಮಾತ್ರ ಬಂದಿದ್ದರು. ಮಾವ ಅವರನ್ನು ಕೂರಿಸಿ, ಕಾಫಿ ಕೊಡಿಸಿ, ನಾಲ್ಕು ನಾಳೆಗಳನ್ನೂ ಬಿಡಿಸಿ ಹೇಳಿ, ಇದರಲ್ಲಿ ನಿಮ್ಮದು ಯಾವುದು, ಆರಿಸಿಕೊಳ್ಳಿ ಎಂದರು. ಬಡಗಿ ಲೋಟ ಕೆಳಗಿಟ್ಟು ಬಹಳ ಹೊತ್ತು ಹಲಗೆ ನೋಡಿದರು. ‘ನಂಗ್ಯಾವ್ದೂ ಬ್ಯಾಡಿ ಸಾ. ಬಂದ್ ದಿವ್ಸ ಬಂದೆ ಅಂತೀನಿ’ ಎಂದು ಎದ್ದು ಹೋದರು. ಎರಡು ತಿಂಗಳು ಹಿತ್ತಿಲಿಗೆ ಗೋಣಿತಾಟೇ ಬಾಗಿಲಾಗಿತ್ತು. ಆದರೂ ಮಾವ ಅವರನ್ನು ಬಿಟ್ಟು ಬೇರೆ ಬಡಗಿಯನ್ನು ಕರೆಯಲಿಲ್ಲ. ಊರಿನಲ್ಲಿ ಸುಳ್ಳು ಹೇಳದ ಮನುಷ್ಯ ಅವನೊಬ್ಬನೇ ಎಂದು ಹೊಗಳಿಕೊಂಡು ತಿರುಗಿದರು!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಮದುವೆಯಲ್ಲಿ ಊಟದ ಎಲೆಯ ಅಂದಾಜನ್ನು ಯಾರೋ ಪುಣ್ಯಾತ್ಮರು ಮಾವನಿಗೆ ವಹಿಸಿದರು. ಮಾವ ಹೆಂಡತಿಯೊಡನೆ ಲಗ್ನಪತ್ರಿಕೆ ಹಿಡಿದು ಮನೆಮನೆಗೂ ಹೋಗಿ, ಅವರು ಏನಂದರು ಎನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. ‘ಬಂದೇ ಬರ್ತೀವಿ’ ಎಂದವರದು ಬಾಯಿಮಾತಿನ ವಿಲ್, ಅವರಿಗೆ ಅರ್ಧ ಎಲೆ. ‘ಆಗಲೇ ರಜ ಹಾಕಿದ್ದೀನಿ’ ಎಂದವರಿಗೆ ಪೂರ್ತಿ ಎಲೆ. ಮಾವನ ನರಸೀಪುರದ ಹಳೆಯ ಶಿಷ್ಯರು ‘ನೋಡಾನ ಸಾ’ ಎಂದಿದ್ದರು, ಅವರಿಗೆ ಸೊನ್ನೆ. ಮುಹೂರ್ತದ ದಿನ ಆ ಸೊನ್ನೆಗಳೆಲ್ಲ ಎರಡು ಟೆಂಪೋ ತುಂಬ ಬಂದಿಳಿದವು, ಹೆಂಡತಿ ಮಕ್ಕಳ ಸಮೇತ! ಮಾವ ನೋಟ್‌ಬುಕ್ ಹಿಡಿದುಕೊಂಡು ಕಲ್ಯಾಣಮಂಟಪದ ಕಂಬದ ಹಿಂದೆ ನಿಂತುಬಿಟ್ಟರು.

ಮಾನ ಉಳಿಸಿದವರು ಅತ್ತೆ, ಅಂದರೆ ಮಾವನ ಹೆಂಡತಿ. ಹಿಂದಿನ ದಿನ ಸಂಜೆಯೇ ಅವರು ಅಡುಗೆಯವರ ಕೈಲಿ ಯಾರಿಗೂ ಹೇಳದೆ ಅಕ್ಕಿ ತರಕಾರಿ ಹೆಚ್ಚಿಗೆ ತರಿಸಿ, ಆಂಬೊಡೆಗೆ ಇನ್ನೂ ಒಂದು ದೊಡ್ಡ ಕೊಳಗದಪ್ಪಲೆಯಷ್ಟು ಕಡಲೆಬೇಳೆ ನೆನೆಹಾಕಿಸಿದ್ದರು. ಅದು ಹೇಗೆ ಗೊತ್ತಾಯಿತು ಅತ್ತೆ ಎಂದರೆ, ‘ಅವರು ಮಾತು ಬರ್ಕೊಂಡ್ರು, ನಾನು ಮುಖ ನೋಡಿದ್ದೆ’ ಎಂದರು.

ಅತ್ತೆ ಓದಿದ್ದು ಏಳನೇ ಕ್ಲಾಸು. ವಿಲ್ಲೂ ಗೊತ್ತಿಲ್ಲ, ಗೋಯಿಂಗ್ ಟೂನೂ ಗೊತ್ತಿಲ್ಲ. ಸಂಜೆ ದೀಪ ಹಚ್ಚಿ ಅಡುಗೆಮನೆಗೆ ಬಂದವರು ಅಂಚು ನೆಗ್ಗಿದ ಒಂದು ಹಿತ್ತಾಳೆ ಬೋಗುಣಿಯಲ್ಲಿ ಏನಾದರೊಂದು ನೆನೆಹಾಕುತ್ತಿದ್ದರು. ಒಂದು ದಿನ ಅಕ್ಕಿ, ಉದ್ದು. ಒಂದು ದಿನ ಹೆಸರುಕಾಳು. ಮತ್ತೊಂದು ದಿನ ಹುರುಳಿ. ಅವರ ಮಟ್ಟಿಗೆ ನಾಳೆಯ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಮೈಸೂರಿಗೆ ಸೀರೆ ತರಲು ಬಾ ಎಂದರೂ, ಮುಡುಕುತೊರೆ ಬೆಟ್ಟಕ್ಕೆ ಹೋಗೋಣ ಎಂದರೂ, ‘ಆಗಲ್ಲ ಕಣೆ, ನೆನೆಹಾಕ್ಬುಟ್ಟಿದ್ದೀನಿ’ ಎನ್ನುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ನೆಂಟರು, ಶಿಷ್ಯರು, ಬಡಗಿಗಳು ಎಂದು ದಿನಾ ಯಾರಾದರೂ ತಿನ್ನುವವರು ಇರುತ್ತಿದ್ದರು. ರಾತ್ರಿ ಆ ಬೋಗುಣಿಯನ್ನು ಬೋರಲು ಹಾಕಿದ್ದನ್ನು ನಾನಂತೂ ನೋಡಿರಲಿಲ್ಲ.

ಹೋದ ವರ್ಷ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಕಷಾಯ ಕುಡಿದು ನಾಲ್ಕು ತಿಂಗಳು ತಳ್ಳಿದರು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರೆ ಹೊಟ್ಟೆಯಲ್ಲೊಂದು ಗೆಡ್ಡೆ. ತೆಗೆಯಬೇಕು, ತೆಗೆದ ಮೇಲೆ ಅದು ಒಳ್ಳೆಯದೋ ಕೆಟ್ಟದ್ದೋ ಪರೀಕ್ಷೆಯಾಗಬೇಕು ಎಂದರು. ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಅತ್ತೆ ಹೊರಗಡೆ ಬೆಂಚಿನ ಮೇಲಿದ್ದರು. ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಇಂಗ್ಲಿಷಿನಲ್ಲಿ, ನನ್ನ ಹೆಂಡತಿ ಹುಷಾರಾಗುತ್ತಾಳೆಯೇ ಎಂದು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, ‘ಷಿ ಮೇ ಬಿ ಆಲ್ ರೈಟ್, ಸರ್’ ಎಂದರು.

ನನಗೆ ಭಯವಾಯಿತು. ಈಗ ಈ ಮನುಷ್ಯ ಡಾಕ್ಟರಿಗೇ ಪಾಠ ಶುರು ಮಾಡುತ್ತಾರೆ ಎಂದುಕೊಂಡೆ. ಮಾವ ಕನ್ನಡಕ ತೆಗೆದು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದರು. ಊರಿಗೆ ಮರಳುವ ರೈಲಿನಲ್ಲಿ ಅತ್ತೆ ಕಿಟಕಿಗೆ ಒರಗಿ ನಿದ್ದೆ ಹೋದರು. ಕಪಿಲಾ ನದಿಯ ಸೇತುವೆ ಬಂತು. ಮಾವ ನನ್ನ ಕಡೆ ತಿರುಗಿ, ‘ಮೇ ಅಂದ್ಲಲ್ಲ ಆ ಹುಡುಗಿ’ ಎಂದರು. ಹೂಂ ಮಾವ ಎಂದೆ. ‘ಒಳ್ಳೆ ಇಂಗ್ಲಿಷು. ಹೆದ್ರಲಿಲ್ಲ, ಸುಳ್ಳೂ ಹೇಳ್ಲಿಲ್ಲ’ ಎಂದು ಹೊಳೆಯ ಕಡೆ ಮುಖ ಮಾಡಿ ಕೂತರು.

ಆಸ್ಪತ್ರೆಗೆ ಸೇರಿಸುವ ಹಿಂದಿನ ಸಂಜೆ ನಾನು ಬಟ್ಟೆಬರೆ ಜೋಡಿಸಲು ಹೋಗಿದ್ದೆ. ಅತ್ತೆ ದೀಪ ಹಚ್ಚಿ ಬಂದು ಒಲೆ ಒರೆಸಿದರು, ಡಬ್ಬಿಗಳ ಮುಚ್ಚಳ ಬಿಗಿ ಮಾಡಿದರು, ಬೋಗುಣಿಯನ್ನು ತೊಳೆದು ಬೋರಲು ಹಾಕಿದರು. ನೀರು ಕುಡಿಯಲು ಬಂದ ಮಾವ ಅದನ್ನು ನೋಡಿದರು.

‘ಏನೂ ನೆನೆಹಾಕ್ಲಿಲ್ವೆ?’ ಎಂದರು.

‘ಯಾರಿಗೆ?’ ಎಂದರು ಅತ್ತೆ.

ಮಾವ ಲೋಟವನ್ನು ಬೋಗುಣಿಯ ಪಕ್ಕ ಇಟ್ಟರು. ನೀರು ಕುಡಿದರೋ ಇಲ್ಲವೋ ನೆನಪಿಲ್ಲ. ನಾನು ಸೀರೆ ಮಡಿಸುವ ನೆಪ ಮಾಡಿಕೊಂಡು ರೂಮಿಗೆ ಹೋಗಿ ಅತ್ತುಬಿಟ್ಟೆ.

ಮೈಸೂರಿನಲ್ಲಿ ಅತ್ತೆಯ ಜೊತೆ ನಾನೇ ಉಳಿದೆ. ಮಾವ ಬೆಳಗಿನ ಪಾಠ ಮುಗಿಸಿ ಟ್ರೇನಿಗೆ ಬಂದು ದಿನವಿಡೀ ಮಂಚದ ಪಕ್ಕದಲ್ಲಿ ಕೂರುತ್ತಿದ್ದರು. ಆದರೆ ಸಂಜೆಯಾಯಿತೆಂದರೆ ಕೂತಲ್ಲಿ ಕೂರುತ್ತಿರಲಿಲ್ಲ. ಗಡಿಯಾರ ನೋಡುವುದೇನು, ಚೀಲ ಹೆಗಲಿಗೆ ಹಾಕುವುದೇನು! ಆಪರೇಷನ್ ಆದ ದಿನವೂ ಅಷ್ಟೇ. ಅತ್ತೆಗೆ ಪೂರ್ತಿ ಎಚ್ಚರವಾಗುವ ಮೊದಲೇ ಮಾವ ಎದ್ದರು. ನನಗೆ ರೇಗಿಹೋಯಿತು. ವರಾಂಡದಲ್ಲಿ ಅಡ್ಡಗಟ್ಟಿ, ಅತ್ತೆಗಿಂತ ನಿಮ್ಮ ಕರಿಹಲಗೆ ಹೆಚ್ಚಾ ಎಂದು ಕೇಳಿಬಿಟ್ಟೆ. ಹಿರಿಯರಿಗೆ ಹಾಗೆಲ್ಲ ಅಂದವಳಲ್ಲ ನಾನು. ಮಾವ ಬೇಸರಿಸಲಿಲ್ಲ. ‘ಮನೇಲಿ ಕೆಲಸ ಇದೆ ಕಣಮ್ಮ’ ಎಂದು ತಲೆ ತಗ್ಗಿಸಿಕೊಂಡು ಸ್ಟೇಷನ್ನಿಗೆ ಹೋದರು.

ಒಂಬತ್ತನೆಯ ದಿನ ಮಧ್ಯಾಹ್ನ ಪರೀಕ್ಷೆಯ ವರದಿ ಬಂತು. ಗೆಡ್ಡೆ ಕೆಟ್ಟದ್ದಲ್ಲ. ಈಗಲೇ ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಮಾವ ಆ ಡಾಕ್ಟರಿಗೆ ಎರಡೂ ಕೈ ಮುಗಿದರು.

ಕಾರು ಮನೆ ಮುಂದೆ ನಿಂತಾಗ ಪಕ್ಕದ ಮನೆಯ ಗೌರಮ್ಮ ಆರತಿ ತಟ್ಟೆ ಹಿಡಿದು ಬಂದರು. ಗೌರಮ್ಮ ಹಸು ಸಾಕಿಕೊಂಡಿದ್ದಾರೆ. ದೃಷ್ಟಿ ತೆಗೆಯುತ್ತಲೇ ಮಾತು ಶುರುವಾಯಿತು.

‘ಬಂದ್ರಲ್ಲ ಸದ್ಯ, ನನ್ ಅಸ ಬದಕ್ತು. ದಿನಾ ಸಂಜೆ ಮೇಷ್ಟ್ರು ಬೋಗುಣಿ ತುಂಬ ನೆಂದಿರೋ ಅಕ್ಕಿ ಉದ್ದು ತಂದು ಅದ್ಕೆ ಸುರೀತಾರೆ ಕಣ್ರವ್ವ. ಯಾಕ್ ಸಾ, ತಿನ್ನೋ ಪದಾರ್ತ ಅಂದ್ರೆ, ಇವತ್ತು ಬರ್ಲಿಲ್ಲ ಅಂತಾರೆ. ಮತ್ತೆ ಒಳಗೋಗಿ ಒಸದಾಗಿ ನೆನೆಯಾಕ್ತಾರೆ.’

ಮಾವ ಕಾರಿನಿಂದ ಚೀಲ ಇಳಿಸುವುದರಲ್ಲಿ ಬಹಳ ಮಗ್ನರಾಗಿದ್ದರು. ವರಾಂಡದಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಅವತ್ತು ಏನು ಕೇಳಿದ್ದರೂ ಕೊಡುತ್ತಿದ್ದೆ. ಅಡುಗೆಮನೆಯ ಕಡೆ ಬಿಂದಿಗೆ ಎತ್ತಿಡಲೂ ಹೋಗದಿದ್ದ ಮನುಷ್ಯ, ಯಾವ ದಿನ ಎಂದು ಯಾರೂ ಹೇಳದಿದ್ದ ಆ ಒಂದು ದಿನಕ್ಕಾಗಿ ದಿನಾ ನೆನೆಹಾಕಿದ್ದರು.

ಅತ್ತೆ ಮಲಗುವ ಕೋಣೆಗೆ ಹೋಗಲಿಲ್ಲ. ನನ್ನ ಭುಜ ಹಿಡಿದು ನೇರ ಅಡುಗೆಮನೆಗೆ ನಡೆದು ಕುರ್ಚಿಯ ಮೇಲೆ ಕೂತು, ಬೋಗುಣಿ ತಾ ಎಂದರು. ಹಿಂದಿನ ಸಂಜೆ ನೆನೆಹಾಕಿದ್ದು, ಹುಳಿ ಬಂದು ಮನೆಯೆಲ್ಲ ವಾಸನೆ. ಅತ್ತೆ ಅದರೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಿದರು.

‘ಅಕ್ಕಿ ಎಷ್ಟೋ ಉದ್ದೂ ಅಷ್ಟೇ ಹಾಕಿದ್ದೀರಲ್ರೀ’ ಎಂದರು.

ಮಾವ ಬಾಗಿಲಲ್ಲೇ ನಿಂತಿದ್ದರು. ‘ನಂಗೆ ಅಳತೆ ಗೊತ್ತಿರ್ಲಿಲ್ಲ. ನೀನು ಬಂದು ಬೈತೀಯ ಅಂತ ಹಾಕ್ತಿದ್ದೆ’ ಎಂದರು.

ಅತ್ತೆ ನಗಲು ಹೋಗಿ ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡರು. ಅದನ್ನೂ ಹಸುವಿಗೆ ಹಾಕಿಸಿ, ಅಳತೆ ಹೇಳಿಕೊಟ್ಟು, ಮಾವನ ಕೈಯಲ್ಲೇ ಹೊಸದಾಗಿ ತೊಳೆಸಿದರು. ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಚಿಟಿಕೆ ಮೆಂತ್ಯ. ಮಾವ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತವರ ಹಾಗೆ ಹೇಳಿದಷ್ಟು ಮಾಡಿದರು.

‘ನಾಡಿದ್ದು ಬೆಳಿಗ್ಗೆ ದೋಸೆಗೆ ಬಾ ಕಣೆ’ ಎಂದರು ಅತ್ತೆ ನನಗೆ.

‘ಬರ್ತೀನಿ ಅತ್ತೆ’ ಎಂದೆ.

ಅಂದುಬಿಟ್ಟು ಅಭ್ಯಾಸಬಲದಿಂದ ಮಾವನ ಕಡೆ ನೋಡಿದೆ. ಮಾವ ಯಾವ ಬರ್ತೀನಿ ಎಂದು ಕೇಳಲಿಲ್ಲ. ಕನ್ನಡಕ ಜೇಬಿನಲ್ಲೇ ಇತ್ತು, ಕಣ್ಣು ತುಂಬಿತ್ತು. ಅವರು ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡುತ್ತಿದ್ದರು.