ಜಪಾನಿಗೆ ಹೋಗಿ ಸೋತು ಬಂದೆ

ನಮ್ಮೂರು ದೊಡ್ಡಉಳ್ಳಾರ್ತಿಗೆ ಬಂದ ಹೊಸಬರು ಯಾರಾದರೂ "ಜಪಾನಲ್ಲಿ ಏನ್ ಕೆಲ್ಸ ಮಾಡ್ತಿದ್ದೆ?" ಅಂತ ಕೇಳಿದರೆ ನಾನು ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ: "ಸೋಲ್ತಿದ್ದೆ." ಅವರು ನಗುತ್ತಾರೆ. ಇದು ನಿಜ ಅಂತ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಒಂದು ಪಜೀತಿ ನೆನಪಾಗುತ್ತದೆ, ಅದರ ಬೆನ್ನಿಗೆ ಇನ್ನೊಂದು. ನೂರು ಕೆಜಿ ದಾಟಿದ ಮನುಷ್ಯ ಪರದೇಶದಲ್ಲಿ ಬರೀ ಚಡ್ಡಿ ಹಾಕಿಕೊಂಡು ದುಡಿಯೋಕೆ ನಿಂತರೆ ಇಂಥವು ಆಗದೇ ಇರುತ್ತವೆಯೇ?

ನಮ್ಮದು ಕುರಿ ಸಾಕುವ ಮನೆ. ನಾನು ಹಗಲು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದೆ, ಸಂಜೆ ಗರಡಿಗೆ ಹೋಗುತ್ತಿದ್ದೆ. ಜಪಾನಿನ ಒಂದು ಕುಸ್ತಿ ಕಂಪನಿಯವರು ಬೆಂಗಳೂರಿಗೆ ಬಂದು ಆಳು ಆರಿಸುತ್ತಿದ್ದಾರೆ ಅಂತ ಗೊತ್ತಾಗಿ ಬಸ್ಸು ಹತ್ತಿದೆ. ಎದುರಿಗೆ ನಿಂತವನನ್ನು ಎತ್ತು ಅಂದರು. ನಾನು ಅವನನ್ನು ಮೂಟೆಯ ಹಾಗೆ ಬೆನ್ನಿಗೆ ಹಾಕಿಕೊಂಡು, "ಎಲ್ಲಿ ಇಳಿಸ್ಲಿ ಸಾರ್?" ಅಂದೆ. ಆರಿಸಿಕೊಂಡರು.

೧. ಬೀಳುವ ವಿದ್ಯೆ

ನನಗೆ ಕಲಿಸಿದ ಕೋಚ್ ಒಬ್ಬ ಹಳೇ ಜಪಾನಿ ಪೈಲ್ವಾನ. ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ಆರು ತಿಂಗಳು ಅವರು ನನಗೆ ಬರೀ ಬೀಳೋದು ಕಲಿಸಿದರು. ಯಾಕೆಂದರೆ ಅದು ಜನರ ಎದುರು ಆಡಿ ತೋರಿಸೋ ಕುಸ್ತಿ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ. ಏಟು ಮಾತ್ರ ನಿಜ. ಸರಿಯಾಗಿ ಬೀಳದಿದ್ದರೆ ಕತ್ತು ಮುರಿಯುತ್ತದೆ.

ಅವ್ವನ ಫೋನು ಬಂತು. "ಏನ್ ಕೆಲ್ಸ ಕೊಟ್ಟವ್ರಪ್ಪಾ?"

"ಬೀಳೋದು ಕಲಿಸ್ತಾವ್ರೆ ಅವ್ವ. ಬೆನ್ನ ಮೇಲೆ, ಮಗ್ಗುಲಿಗೆ, ದಿನಾ ಮುನ್ನೂರು ಸಲ."

ಅವ್ವ ಮೆಲ್ಲಗೆ ಅಂದಳು: "ಹೋಗೋವಾಗ ಮೇಲಕ್ಕೆ ಬರ್ತೀನಿ ಅಂದಿದ್ಯಲ್ಲೋ."

ಮೊದಲ ರಜೆಗೆ ಬಂದಾಗ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಳೇ ಮಿಲ್ಲಿನ ಮೇಸ್ತ್ರಿ ಸಿಕ್ಕಿದರು. ಅವರಿಗೂ ಇದನ್ನೇ ವಿವರಿಸಿದೆ. ನಾನು ಹೊರಗಿನವನು, ಮೀಸೆ ಬೇರೆ ದಪ್ಪ, ಅದಕ್ಕೆ ನನಗೆ ಖಳನ ಪಾತ್ರ; ಮೋಸ ಮಾಡಬೇಕು, ಬೈಸಿಕೊಳ್ಳಬೇಕು, ಕೊನೆಗೆ ಸೋಲಬೇಕು ಅಂದೆ. ಮೇಸ್ತ್ರಿ ಟೀ ಲೋಟ ಕೆಳಗಿಟ್ಟು ಯೋಚನೆ ಮಾಡಿದರು.

"ಅಂದ್ರೆ ಹೆಣ್ಣು ನೋಡೋ ಶಾಸ್ತ್ರ ಇದ್ದಂಗೆ ಅನ್ನು. ಎಲ್ಲಾ ಮೊದ್ಲೇ ಮಾತಾಗಿರ್ತೈತೆ. ಆದ್ರೂ ಹೋಗಿ ಉಪ್ಪಿಟ್ಟು ತಿನ್ಲೇಬೇಕು."

೨. ಕುರ್ಚಿಗಿಂತ ಕೆಟ್ಟದ್ದು

ಕಂಪನಿಯವರು ನನಗೆ "ಭಾರತದ ರಾಜ" ಅಂತ ಹೆಸರಿಟ್ಟರು. ರಾಜ ಮೈಮೇಲೆ ಏನು ಹೊದ್ದು ಬರುತ್ತಾನೆ ಅಂತ ಕೇಳಿದರು. ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಚಳಿಗೆ ಅಂತ ಅವ್ವ ಕೊಟ್ಟ ಕರೀ ಕಂಬಳಿ ಒಂದೇ, ನಮ್ಮದೇ ಕುರಿಯ ಉಣ್ಣೆಯದ್ದು. ಅದನ್ನೇ ಹೊದ್ದು ಹೋದೆ. ಜನ ಭಯಭಕ್ತಿಯಿಂದ ನೋಡಿದರು.

ಖಳನಾದವನು ಏನಾದರೂ ಕಿತಾಪತಿ ಮಾಡಬೇಕಲ್ಲ, ಕಂಬಳಿಯನ್ನು ಎದುರಾಳಿಯ ತಲೆ ಮೇಲೆ ಹಾಕಿ ಬಿಗಿಯಾಗಿ ಸುತ್ತಿದೆ. ಅವನು ಬಿಡಿಸಿಕೊಂಡು ಎದ್ದು ನನ್ನನ್ನು ಎತ್ತಿ ಒಗೆಯಬೇಕು, ಅಲ್ಲಿಗೆ ಆಟ ಮುಗೀತು. ಅವನು ಬಿಡಿಸಿಕೊಂಡ, ಎದ್ದ. ಆದರೆ ಬರಿಮೈ, ಮೇಲೆ ಬೆವರು. ಮೊದಲು ಕತ್ತು ಕೆರೆದುಕೊಂಡ. ಆಮೇಲೆ ಎದೆ. ಆಮೇಲೆ ಎರಡೂ ಕೈಯಲ್ಲಿ ಬೆನ್ನು.

"ಒಗಿ ನನ್ನ," ಅಂತ ಕಿವಿಯಲ್ಲಿ ಪಿಸುಗುಟ್ಟಿದೆ.

"ತಡಿ," ಅಂದ.

ಎಷ್ಟು ಹೊತ್ತು ತಡೆಯೋದು? ಜನ ನಗೋಕೆ ಶುರು ಮಾಡಿದರು. ಕೊನೆಗೆ ನಾನೇ ಅವನ ಭುಜ ಹಿಡಿದು, ಹಾರಿ, ನನ್ನನ್ನು ನಾನೇ ಒಗೆದುಕೊಂಡೆ. ಅವನು ನನ್ನ ಮೇಲೆ ಬಿದ್ದು ಗೆದ್ದ, ಅಲ್ಲೂ ಕೆರೆದುಕೊಳ್ಳುತ್ತಲೇ.

ಮಾರನೇ ದಿನ ಕೋಚ್ ಕಂಬಳಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. "ಬೇಕಾದ್ರೆ ಕುರ್ಚಿ ತಗೊಂಡು ಹೊಡಿ," ಅಂದರು. "ಇದು ಬೇಡ."

೩. ಮೊಳಕಾಲ್ಮೂರಿನ ಮಾವ

ಹಾಗಾಗಿ ರಾಜನಿಗೆ ಬೇರೆ ನಿಲುವಂಗಿ ಬೇಕಾಯಿತು. ಮುಂದಿನ ರಜೆಯಲ್ಲಿ ಮೊಳಕಾಲ್ಮೂರಿಗೆ ಹೋದೆ. ಅವ್ವನ ತಮ್ಮ, ನನ್ನ ಸೋದರಮಾವ, ಅಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು.

"ಏಂ ಅಲ್ಲುಡೂ, ಮದ್ವೆನಾ ಅಳಿಯಾ?" ಮಗ್ಗದ ಗುಂಡಿಯಿಂದಲೇ ಕೇಳಿದರು.

"ಇಲ್ಲ ಮಾವ. ನಂಗೇ ಒಂದು ಅಂಗಿ ಹೊಲಿಸ್ಬೇಕು, ರೇಷ್ಮೇದು. ಭುಜದಿಂದ ನೆಲದವರ್ಗೂ. ಬೆನ್ನಿಗೆ ಒಂದು ದೊಡ್ಡ ನವಿಲು ಬರ್ಲಿ."

"ಹಾಕ್ಕೊಂಡು ಏನ್ ಮಾಡ್ತೀಯಾ?"

"ಹಾಕ್ಕೊಂಡು ಬಂದು ಬಿಚ್ಚಾಕ್ತೀನಿ. ಎರಡು ನಿಮಿಷದ ಕೆಲ್ಸ."

ಮಾವನ ಮಗ್ಗ ನಿಂತಿತು. "ನಾನು ಎರಡು ತಿಂಗ್ಳು ಕೂತು ನೇಯೋದನ್ನ ನೀನು ಎರಡು ನಿಮಿಷಕ್ಕೆ ಬಿಚ್ಚಾಕ್ತೀಯಾ? ಪೋರಾ, ಹೋಗೋ!"

ಅತ್ತೆ ಬಂದು ಸಮಾಧಾನ ಮಾಡಿದರು. ಮಾವ ಬೈಯುತ್ತಲೇ ನೇಯ್ದು ಕೊಟ್ಟರು. ಆ ನವಿಲು ನಾನು ನಡೆದರೆ ಗರಿ ಅಲುಗಿಸಿದ ಹಾಗೆ ಕಾಣುತ್ತಿತ್ತು. ಜಪಾನಿನಲ್ಲಿ ಆಟ ಮುಗಿದ ಮೇಲೆ ಪೈಲ್ವಾನರ ಜೊತೆ ಫೋಟೋ ತೆಗೆಸಿಕೊಳ್ಳೋಕೆ ಸಾಲು ನಿಲ್ಲುತ್ತಾರೆ. ಆ ಅಂಗಿ ಹಾಕಿದ ದಿನ ಎಲ್ಲರಿಗಿಂತ ಉದ್ದದ ಸಾಲು ನನ್ನ ಮುಂದೆ. ಖುಷಿಯಿಂದ ಮೀಸೆ ತಿರುವಿ ನಿಂತೆ. ಮೊದಲು ಬಂದ ಹೆಂಗಸು ಬಗ್ಗಿ ನಮಸ್ಕಾರ ಮಾಡಿ, ಬೆರಳಲ್ಲಿ ತೋರಿಸಿದಳು: ತಿರುಗಿ ನಿಲ್ಲಿ. ಅವಳ ಹಿಂದಿನವಳೂ ಹಾಗೇ. ಒಂದು ಗಂಟೆ ಗೋಡೆ ನೋಡುತ್ತಾ ನಿಂತೆ.

ಮಾವನಿಗೆ ಫೋನು ಮಾಡಿ ಹೇಳಿದೆ. "ಅಷ್ಟು ಜನಾನೂ ನಿನ್ ಮುಖ ನೋಡೋಕೆ ಬಂದಿದ್ರಾ?" ಅಂದರು, ನಂಬದೆ.

"ಇಲ್ಲ ಮಾವ. ಬೆನ್ನು."

"ಹಂಗನ್ನು. ಒಳ್ಳೇ ಜನ ಕಣೋ ಅವ್ರು."

೪. ಛತ್ರಿ ಹಿಡಿದ ಅಜ್ಜಿ

ದೊಡ್ಡ ಊರುಗಳಲ್ಲಿ ಮಾತ್ರ ಅಲ್ಲ, ಸಣ್ಣ ಸಣ್ಣ ಊರುಗಳ ಶಾಲೆಯ ಹಾಲಿನಲ್ಲೂ ನಮ್ಮ ಆಟ ನಡೆಯುತ್ತಿತ್ತು. ಉತ್ತರದ ಕಡೆ ಅಂಥ ಒಂದು ಊರಿನಲ್ಲಿ ನಾನು ರೆಫ್ರಿಯ ಕಣ್ಣು ತಪ್ಪಿಸಿ ಎದುರಾಳಿಯ ಬೆರಳು ತಿರುಚುತ್ತಿದ್ದೆ. ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದು, ಹಗ್ಗದ ಸಂದಿಯಿಂದ ಛತ್ರಿ ತೂರಿಸಿ, ನನ್ನ ಬೆನ್ನಿಗೆ ಬಾರಿಸಿದಳು. ಇದು ಮೊದಲೇ ಮಾತಾಗಿರಲಿಲ್ಲ. ಉರಿ ಹತ್ತಿತು.

ಆಟ ಮುಗಿದು ನೋಡಿದರೆ ಅಜ್ಜಿ ನಮ್ಮ ಬಸ್ಸಿನ ಹತ್ತಿರ ಕಾಯುತ್ತಿದ್ದಾಳೆ, ಕೈಯಲ್ಲಿ ಛತ್ರಿ ಹಾಗೇ ಇದೆ. ನಾನು ಚೀಲಗಳ ಹಿಂದೆ ಬಚ್ಚಿಟ್ಟುಕೊಂಡೆ. ಕೋಚ್ ಎಳೆದು ಮುಂದೆ ನಿಲ್ಲಿಸಿದರು. ಅಜ್ಜಿ ನನ್ನ ಕೈಗೆ ಒಂದು ಡಬ್ಬಿ ಇಟ್ಟಳು, ಬಿಸಿ ಅನ್ನದ ಉಂಡೆ, ಮೂಲಂಗಿ ಉಪ್ಪಿನಕಾಯಿ. ಏನೋ ಬಹಳ ಹೊತ್ತು ಹೇಳಿದಳು.

ಕೋಚ್ ತಮಗೆ ಬರುವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು: "ಊರು ದೂರ. ತಾಯಿ ಯೋಚನೆ ಮಾಡ್ತಿರ್ತಾಳೆ. ಹೊಟ್ಟೆತುಂಬ ತಿನ್ನು ಅಂತಿದಾರೆ."

ನನ್ನ ಕಣ್ಣು ತುಂಬಿ ಬಂತು. "ಮತ್ತೆ ಹೊಡೆದಿದ್ದು ಯಾಕೆ ಅಂತ ಕೇಳಿ," ಅಂದೆ.

ಕೋಚ್ ಕೇಳಿದರು. ಅಜ್ಜಿ ನೆಟ್ಟಗೆ ನಿಂತು ಉತ್ತರ ಕೊಟ್ಟಳು. "ಅದು ಬೇರೆ, ಇದು ಬೇರೆ ಅಂತೆ. ಮುಂದಿನ ವರ್ಷ ಕಳ್ಳಾಟ ಆಡಿದ್ರೆ ಮತ್ತೆ ಹೊಡೀತಾರಂತೆ."

ಮುಂದಿನ ವರ್ಷವೂ ಅದೇ ಊರಿಗೆ ಹೋದೆವು. ಅಜ್ಜಿ ಮಾತಿಗೆ ತಪ್ಪಲಿಲ್ಲ. ಎರಡನ್ನೂ ಕೊಟ್ಟಳು.

೫. ಕೊನೆಯ ಆಟ

ಹನ್ನೊಂದು ವರ್ಷ ಆದ ಮೇಲೆ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಇನ್ನು ಸಾಕು ಅಂದರು ಡಾಕ್ಟರು. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಕೋಚ್ ಬಂದು ಪಕ್ಕದಲ್ಲಿ ಕೂತರು. "ಕೊನೆಯ ಆಟ ನೀನು ಗೆಲ್ಲು," ಅಂದರು. ಅಲ್ಲಿಯವರೆಗೆ ಒಂದೇ ಒಂದು ದೊಡ್ಡ ಆಟವನ್ನೂ ನಾನು ಗೆದ್ದಿರಲಿಲ್ಲ. ಗೆಲ್ಲೋದನ್ನು ಅವ್ವ ಕಣ್ಣಾರೆ ನೋಡಲಿ ಅಂತ ಅವಳನ್ನು ಕರೆಸಿಕೊಂಡೆ.

ಚಿತ್ರದುರ್ಗ ದಾಟಿರದ ಅವ್ವ ವಿಮಾನ ಹತ್ತಿ ಬಂದಳು. ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಳು. "ಹೆದರ್ಬೇಡ ಅವ್ವ, ಇವತ್ತು ಗೆಲ್ಲೋನು ನಾನೇ," ಅಂತ ಧೈರ್ಯ ಹೇಳಿದೆ. ಅಷ್ಟೇ ಹೇಳಿದ್ದು ತಪ್ಪಾಯಿತು, ಇದು ಬರೀ ಆಡಿ ತೋರಿಸೋ ಕುಸ್ತಿ ಅಂತ ಪೂರ್ತಿ ಹೇಳಬೇಕಿತ್ತು.

ಎದುರಾಳಿ ನನ್ನ ಕೈಯಲ್ಲೇ ಪಳಗಿದವನು, ಸಣಕಲು ಮೈಯವನು. ನನ್ನ ಕೊನೆಯ ಆಟ ಅಂತ ಅವನು ಜೀವ ಪಣಕ್ಕಿಟ್ಟು ಆಡಿದ. ಎತ್ತಿ ಒಗೆದೆ, ಚೀರಿದ. ಮತ್ತೆ ಒಗೆದೆ, ತುಟಿ ಒಡೆದು ರಕ್ತ ಬಂತು. ಅವನನ್ನು ಬೋರಲು ಹಾಕಿ, ಬೆನ್ನ ಮೇಲೆ ಕೂತು, ತೋಳು ಹಿಂದಕ್ಕೆ ಎಳೆದೆ. ಇನ್ನೊಂದು ಕ್ಷಣಕ್ಕೆ ಅವನು ನೆಲ ತಟ್ಟಿ ಸೋಲು ಒಪ್ಪಿಕೊಳ್ಳಬೇಕು.

ಬಳೆ ಸದ್ದು ಕೇಳಿತು. ತಿರುಗಿ ನೋಡಿದರೆ ಅವ್ವ ಹಗ್ಗದ ಕೆಳಗೆ ನುಸುಳಿ ಒಳಗೆ ಬಂದಿದ್ದಾಳೆ. ದಿನಾ ಕುರಿ ಹಟ್ಟಿಯ ಮುಳ್ಳುಬೇಲಿ ನುಸುಳೋಳಿಗೆ ಅದೇನು ದೊಡ್ಡದು? ನೇರ ಬಂದವಳೇ ನನ್ನ ಕಿವಿ ಹಿಡಿದಳು.

"ಬಿಡೋ! ಯಾರು ಹೆತ್ತ ಮಗನೋ ಏನೋ! ಇದಕ್ಕೇನೋ ನಿಂಗೆ ಹಾಲು ತುಪ್ಪ ಹಾಕಿ ಬೆಳೆಸಿದ್ದು?"

"ಅವ್ವ, ಇದು ಆಟ..."

"ಬಾಯಾಗೆ ರಕ್ತ ಬಂದೈತೆ, ಆಟನಂತೆ ಆಟ!"

ನನ್ನನ್ನು ಅತ್ತ ತಳ್ಳಿ, ಕೆಳಗೆ ಕೂತು, ಅವನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಸೆರಗಿನಿಂದ ತುಟಿ ಒರೆಸಿದಳು. ಅವನು ಒಂದು ಕಣ್ಣು ತೆರೆದು, ಏನು ಮಾಡಲಿ ಅಂತ ನನ್ನ ಕಡೆ ನೋಡಿದ. ಸುಮ್ಮನೆ ಮಲಗು ಅಂತ ಸನ್ನೆ ಮಾಡಿದೆ. ಅವನೋ ಹಾಯಾಗಿ ಕಣ್ಣು ಮುಚ್ಚಿದ. ರೆಫ್ರಿ ದಿಕ್ಕು ತೋಚದೆ ಕೋಚ್ ಕಡೆ ನೋಡಿದ. ಕೋಚ್ ನಾವು ಒಳಗೆ ಬರೋ ಬಾಗಿಲ ಪರದೆ ಕಡೆ ಮುಖ ತಿರುಗಿಸಿ ನಿಂತಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ಹಾಲಿನ ತುಂಬ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಇನ್ನೇನು ಮಾಡೋದು? ನಾನೇ ಹೋಗಿ ಅವನ ಪಕ್ಕದಲ್ಲಿ ಅಂಗಾತ ಮಲಗಿದೆ. ರೆಫ್ರಿ ಅವನ ಒಂದು ಕೈ ಎತ್ತಿ ನನ್ನ ಎದೆ ಮೇಲೆ ಇಟ್ಟು ಮೂರು ಎಣಿಸಿದ, ಅಲ್ಲಿಗೆ ಆ ಆಟವನ್ನೂ ಸೋತೆ. ಅವ್ವ ನನ್ನ ಬೆವರನ್ನೂ ಅದೇ ಸೆರಗಿನಲ್ಲಿ ಒರೆಸಿದಳು.

ಊರಿಗೆ ಬಂದ ದಿನ ಹಟ್ಟಿಯವರೆಲ್ಲ ಅವ್ವನ ಸುತ್ತ ಸೇರಿದರು. ಪಕ್ಕದ ಮನೆ ಅಜ್ಜ ಕೇಳಿದರು: "ಕೊನೇ ಆಟನಾದ್ರೂ ಗೆದ್ನೇನವ್ವ ನಿನ್ ಮಗ?"

ಅವ್ವ ತಲೆ ಎತ್ತಿ, ಬಹಳ ಹೆಮ್ಮೆಯಿಂದ ಹೇಳಿದಳು: "ಗೆಲ್ತಿದ್ದ. ನಾನೇ ಹೋಗಿ ಬಿಡಿಸ್ದೆ."